ಹತ್ತು ಸಾಲಿನ ತಿದ್ದುಪಡಿ, ನೂರು ಪ್ರಮಾಣಪತ್ರ

ಮುಂದೆ ಓದುವ ಮುನ್ನ ಒಂದು ಸಣ್ಣ ಪ್ರಯೋಗ ಮಾಡಿ. ಹಾಳೆಯ ಮೇಲೆ ‘ಸೂರ್ಯ’ ಎಂದು ಬರೆಯಿರಿ. ಅದರ ಕೆಳಗೆ ‘ರ‍್ಯಾಂಕ್’ ಎಂದು ಬರೆಯಿರಿ. ಎರಡು ಪದಗಳಲ್ಲಿಯೂ ರಕಾರಕ್ಕೆ ಯಕಾರ ಕೂಡಿದೆ. ಉಚ್ಚಾರದಲ್ಲಿ ಎರಡರಲ್ಲಿಯೂ ರಕಾರವೇ ಮೊದಲು. ಆದರೆ ಮೊದಲನೆಯ ಪದದಲ್ಲಿ ನೀವು ಯಕಾರವನ್ನು ಪೂರ್ತಿಯಾಗಿ ಬರೆದು, ರಕಾರವನ್ನು ಅದರ ಬಲಕ್ಕೆ ಅರ್ಕಾವತ್ತಾಗಿ ಹಾಕಿದಿರಿ. ಎರಡನೆಯದರಲ್ಲಿ ರಕಾರವನ್ನು ಪೂರ್ತಿಯಾಗಿ ಬರೆದು ಯಕಾರವನ್ನು ಒತ್ತಾಗಿ ಕೊಟ್ಟಿರಿ. ಹೀಗೇಕೆ ಎಂದು ನಿಮ್ಮ ಕೈ ಕೇಳಲಿಲ್ಲ. ರೂಢಿಯೇ ಅದಕ್ಕೆ ದಾರಿ ತೋರಿಸಿತು.

ಗಣಕಕ್ಕೆ ರೂಢಿ ಇಲ್ಲ. ಅದಕ್ಕೆ ಪ್ರತಿಯೊಂದನ್ನೂ ಹೇಳಿಕೊಡಬೇಕು. ಇಂದು ನಿಮ್ಮ ಮೊಬೈಲಿನ ಪರದೆಯ ಮೇಲೆ ಹಳೆಯದೊಂದು ಕನ್ನಡ ಬರಹದ ‘ರ‍್ಯಾಂಕ್’ ಸರಿಯಾಗಿ ಕಾಣುತ್ತಿದ್ದರೆ ಅದರ ಹಿಂದೆ ಸುಮಾರು ಹತ್ತು ಸಾಲಿನ ಒಂದು ತಿದ್ದುಪಡಿ ಇರುವ ಸಾಧ್ಯತೆ ಬಹಳ. ಆ ಸಾಲುಗಳು ಇರುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶದಲ್ಲಿ. ಮುಕ್ತ ತಂತ್ರಾಂಶಕ್ಕೆ ‘ಕೊಡುಗೆ’ ನೀಡುವುದು ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಈಚೆಗೆ ಆ ಸಾಲುಗಳನ್ನೇ ತೋರಿಸುತ್ತೇನೆ. ನಮ್ಮ ಕಾಲೇಜುಗಳಲ್ಲಿ ಈ ಮಾತಿಗೆ ಈಗ ಬಂದಿರುವ ಅರ್ಥ ಬೇರೆಯೇ ಆಗಿದೆ. ಈ ಲೇಖನ ಆ ಎರಡು ಅರ್ಥಗಳ ನಡುವಿನ ಅಂತರವನ್ನು ಕುರಿತದ್ದು.

ಕಳೆದ ವರ್ಷ ಹುಬ್ಬಳ್ಳಿಯ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ನನ್ನನ್ನು ಕಾಣಲು ಬಂದಿದ್ದ. ಪಿಯುಸಿಯಲ್ಲಿ ನನ್ನ ಹತ್ತಿರ ಭೌತಶಾಸ್ತ್ರ ಕಲಿತವನು. ಕೈಯಲ್ಲಿ ಒಂದು ಪ್ರಮಾಣಪತ್ರವಿತ್ತು.

“ಸರ, ಓಪನ್ ಸೋರ್ಸ್‌ಗೆ ಹತ್ತು ಪುಲ್ ರಿಕ್ವೆಸ್ಟ್ ಕಳಿಸೀನ್ರಿ.”

“ಭಾಳ ಛಲೋ ಆತು. ಏನೇನು ತಿದ್ದಿದಿ?”

“ರೀಡ್‌ಮೀ ಫೈಲಿನಾಗ ಸ್ಪೆಲ್ಲಿಂಗ್ ರೀ. ಒಂದೆರಡರಾಗ ನನ್ನ ಹೆಸರು ಸೇರಿಸೀನ್ರಿ.”

“ಆ ತಂತ್ರಾಂಶ ಏನು ಕೆಲಸ ಮಾಡ್ತದಪಾ?”

“ಅದನ್ನ ನೋಡಿಲ್ರಿ ಸರ.”

ಹುಡುಗ ಸುಳ್ಳು ಹೇಳಲಿಲ್ಲ, ಅದು ನನಗೆ ಮೆಚ್ಚುಗೆಯಾಯಿತು. ತಪ್ಪು ಅವನದಲ್ಲ. ಹತ್ತು ಮನವಿ ಕಳಿಸಿದವರಿಗೆ ಪ್ರಮಾಣಪತ್ರ ಎಂದು ಅವನ ಕಾಲೇಜು ಹೇಳಿತ್ತು. ಸಂದರ್ಶನದಲ್ಲಿ ಆ ಪತ್ರಕ್ಕೆ ಬೆಲೆ ಇದೆ ಎಂದೂ ಹೇಳಿತ್ತು. ಅವನ ತರಗತಿಯಲ್ಲಿ ಅಂತಹ ಪತ್ರ ಪಡೆದವರು ನೂರರ ಹತ್ತಿರ ಇದ್ದರಂತೆ. ಪ್ರಯೋಗಶಾಲೆಯ ದಾಖಲೆ ಪುಸ್ತಕವನ್ನು ಗೆಳೆಯನದರಿಂದ ನಕಲು ಮಾಡುವುದನ್ನು ನಾವು ಮೇಷ್ಟರುಗಳು ಎಷ್ಟು ವರ್ಷಗಳಿಂದ ಕಂಡೂ ಕಾಣದಂತೆ ಇದ್ದೇವೆ! ಇದು ಅದರದೇ ಹೊಸ ಅವತಾರ.

ಪುಲ್ ರಿಕ್ವೆಸ್ಟ್ ಎಂಬುದು ಈ ಕ್ಷೇತ್ರದ ಹೊರಗಿರುವ ಶಿಕ್ಷಕರಿಗೆ ಹೊಸದಾಗಿರಬಹುದು. ಮುಕ್ತ ತಂತ್ರಾಂಶದ ಆಕರ ಸಂಕೇತವನ್ನು, ಎಂದರೆ ಅದನ್ನು ರಚಿಸಿದವರು ಬರೆದ ಮೂಲ ಸಾಲುಗಳನ್ನು, ಯಾರು ಬೇಕಾದರೂ ಓದಬಹುದು, ತಮ್ಮ ಗಣಕಕ್ಕೆ ಇಳಿಸಿಕೊಂಡು ಬದಲಿಸಬಹುದು. ಬದಲಿಸಿದ್ದು ಎಲ್ಲರಿಗೂ ಉಪಯೋಗವಾಗುತ್ತದೆ ಎನ್ನಿಸಿದರೆ ‘ಇದನ್ನು ಮೂಲಕ್ಕೆ ಸೇರಿಸಿಕೊಳ್ಳಿ’ ಎಂದು ಕೇಳಬಹುದು. ಆ ಕೋರಿಕೆಯೇ ಪುಲ್ ರಿಕ್ವೆಸ್ಟ್. ತಿದ್ದುಪಡಿಯ ಮನವಿ ಎನ್ನೋಣ. ಬದಲಾವಣೆಗಳ ಲೆಕ್ಕ ಇಡಲು ಲೀನಸ್ ಟೋರ್ವಾಲ್ಡ್ಸ್ 2005ರಲ್ಲಿ ಗಿಟ್ ಎಂಬ ಸಾಧನವನ್ನು ರಚಿಸಿದರು. ಯಾವ ಸಾಲು, ಯಾವಾಗ, ಯಾರಿಂದ, ಯಾವ ಕಾರಣಕ್ಕೆ ಬದಲಾಯಿತು ಎಂಬುದು ಅದರಲ್ಲಿ ಅಳಿಯದೆ ಉಳಿಯುತ್ತದೆ. ಮನವಿಯನ್ನು ಓದಿ ಒಪ್ಪುವ ಅಥವಾ ತಿರಸ್ಕರಿಸುವ ಹೊಣೆ ಆ ತಂತ್ರಾಂಶದ ನಿರ್ವಾಹಕರದು. ಅವರಲ್ಲಿ ಅನೇಕರು ಸಂಬಳವಿಲ್ಲದೆ, ತಮ್ಮ ಬಿಡುವಿನ ವೇಳೆಯಲ್ಲಿ ಈ ಕೆಲಸ ಮಾಡುವವರು. ಈ ಮಾತನ್ನು ನೆನಪಿನಲ್ಲಿಡಿ.

ಈಗ ಆ ಹತ್ತು ಸಾಲಿಗೆ ಬರೋಣ. ಮೊದಲು ನಮ್ಮೂರಿನ ಹೆಸರನ್ನೇ ತೆಗೆದುಕೊಳ್ಳಿ. ‘ಹುಬ್ಬಳ್ಳಿ’ಯಲ್ಲಿ ನಮ್ಮ ಕಣ್ಣಿಗೆ ಕಾಣುವುದು ಮೂರು ಅಕ್ಷರ: ಹು, ಬ್ಬ, ಳ್ಳಿ. ಯುನಿಕೋಡ್ ಪದ್ಧತಿಯಲ್ಲಿ ಗಣಕ ಇದನ್ನು ಒಂಬತ್ತು ಸಂಕೇತಗಳಾಗಿ ಇಟ್ಟುಕೊಂಡಿರುತ್ತದೆ: ಹ, ಉಕಾರದ ಚಿಹ್ನೆ, ಬ, ಹಲಂತ, ಬ, ಳ, ಹಲಂತ, ಳ, ಇಕಾರದ ಚಿಹ್ನೆ. ಯುಟಿಎಫ್-8 ವಿಧಾನದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟ್ ಬೇಕು. ಎಂದರೆ ಒಟ್ಟು 27 ಬೈಟ್. ಈ ಒಂಬತ್ತನ್ನು ಮೂರು ಅಕ್ಷರಗಳಾಗಿ ಹೆಣೆದು, ಯಾವ ಒತ್ತು ಎಲ್ಲಿ ಕೂಡಬೇಕೆಂದು ನಿರ್ಧರಿಸುವ ಕೆಲಸವನ್ನು ಬೇರೆ ಯಾರೋ ಮಾಡಬೇಕು. ಫಾಂಟ್ ಅಕ್ಷರದ ಚಿತ್ರಗಳನ್ನು ಮತ್ತು ಕೆಲವು ನಿಯಮಗಳನ್ನು ಕೊಡುತ್ತದೆ. ಆ ನಿಯಮಗಳನ್ನು ಓದಿ ಜಾರಿಗೆ ತರುವುದು ಹಾರ್ಫ್‌ಬಜ್‌ನಂತಹ ಅಕ್ಷರ ಜೋಡಣೆಯ ತಂತ್ರಾಂಶ. ಇರಾನ್ ಮೂಲದ ಬೆಹದಾದ್ ಎಸ್ಫಹಬೊದ್ ಅವರು ಮುಂದೆ ನಿಂತು ಬೆಳೆಸಿದ ಯೋಜನೆ ಇದು. ಹೆಸರು ಪಾರಸಿಯದು, ‘ಹರ್ಫ್’ ಎಂದರೆ ಅಕ್ಷರ, ‘ಬಾಜ್’ ಎಂದರೆ ತೆರೆದ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಇವೆಲ್ಲವೂ ಅಕ್ಷರ ಜೋಡಿಸಲು ಇದನ್ನೇ ಬಳಸುತ್ತವೆ.

ಯುನಿಕೋಡಿನಲ್ಲಿ ರಕಾರದ ಸಂಖ್ಯೆ 3248, ಹಲಂತದ್ದು 3277, ಯಕಾರದ್ದು 3247. ಈ ಮೂರು ಇದೇ ಕ್ರಮದಲ್ಲಿ ಬಂದರೆ ಅರ್ಕಾವತ್ತು ಬರಬೇಕು. ‘ಸೂರ್ಯ’ ಆಯಿತು. ‘ರ‍್ಯಾಂಕ್’ ಬರೆಯಲು ಅರ್ಕಾವತ್ತು ಬೇಡ ಎಂದು ಗಣಕಕ್ಕೆ ತಿಳಿಸಬೇಕು. ಅದಕ್ಕಾಗಿ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಸಂಕೇತವಿದೆ. ಅದರ ಸಂಖ್ಯೆ 8205. ಅದನ್ನು ‘ಜೋಡಕ’ ಎಂದು ಕರೆಯೋಣ. ಯುನಿಕೋಡ್ ಮಾನಕ ಹೇಳುವ ಕ್ರಮ ಹೀಗಿದೆ: ರಕಾರ, ಜೋಡಕ, ಹಲಂತ, ಯಕಾರ.

ಆದರೆ ಜನ ಮಾನಕವನ್ನು ಓದಿ ಬರೆಯುವುದಿಲ್ಲ. ತಮ್ಮ ಕೈಗೆ ಸಿಕ್ಕ ಕೀಲಿಮಣೆ ಹೇಗೆ ಬರೆಯಿಸುತ್ತದೆಯೋ ಹಾಗೆ ಬರೆಯುತ್ತಾರೆ. ಕನ್ನಡದಲ್ಲಿ ಇನ್ನೊಂದು ಕ್ರಮವೂ ಬಳಕೆಯಲ್ಲಿತ್ತು: ರಕಾರ, ಹಲಂತ, ಜೋಡಕ, ಯಕಾರ. ನಡುವಿನ ಎರಡು ಅದಲುಬದಲು, ಅಷ್ಟೇ. ಹೀಗೆ ಬರೆದ ಪುಟಗಳು ಅದಾಗಲೇ ಜಾಲದಲ್ಲಿಯೂ ಜನರ ಕಡತಗಳಲ್ಲಿಯೂ ಸೇರಿಹೋಗಿದ್ದವು. ಮಾನಕದ ಕ್ರಮವನ್ನು ಮಾತ್ರ ಬಲ್ಲ ತಂತ್ರಾಂಶದಲ್ಲಿ ಅವನ್ನು ತೆರೆದರೆ ಬಯಸಿದ ರೂಪ ಬರುತ್ತಿರಲಿಲ್ಲ.

ಇಲ್ಲಿ ನಿಜವಾದ ಒಂದು ಪ್ರಶ್ನೆ ಇದೆ. ತಪ್ಪು ಯಾರದು? ಮಾನಕಕ್ಕೆ ತಕ್ಕಂತೆ ಬರೆಯದ ಜನರದೆ? ಹಾಗೆಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಬರೆದವರಲ್ಲಿ ಎಷ್ಟೋ ಮಂದಿಗೆ ತಾವು ಜೋಡಕವೊಂದನ್ನು ಬಳಸಿದ್ದೇವೆ ಎಂಬುದೇ ಗೊತ್ತಿಲ್ಲ. ಆ ಪುಟಗಳನ್ನು ಹುಡುಕಿ ತಿದ್ದುವವರು ಯಾರು? ಹಾರ್ಫ್‌ಬಜ್‌ನಲ್ಲಿ 435ನೆಯ ಸಂಖ್ಯೆಯಡಿ ದಾಖಲಾದ ಈ ತಕರಾರಿಗೆ 2017ರಲ್ಲಿ ಕಂಡುಕೊಂಡ ಪರಿಹಾರ ಸರಳವಾದದ್ದು. ಲಿಪಿ ಕನ್ನಡವಾಗಿದ್ದು, ಅಕ್ಷರಗುಚ್ಛದ ಆರಂಭದಲ್ಲಿ ರಕಾರ, ಹಲಂತ, ಜೋಡಕ ಈ ಕ್ರಮದಲ್ಲಿ ಬಂದರೆ ಕೊನೆಯ ಎರಡನ್ನು ಅದಲುಬದಲು ಮಾಡಿ ಮುಂದುವರಿಯಬೇಕು. ಆಗ ಹಳೆಯ ಕ್ರಮವೂ ಮಾನಕದ ಕ್ರಮದಂತೆಯೇ ವರ್ತಿಸುತ್ತದೆ. ಸಾಲುಗಳ ತಲೆಯ ಮೇಲೆ ಒಂದು ಟಿಪ್ಪಣಿ ಇದೆ: ಕನ್ನಡದ ಹಳೆಯ ಬಳಕೆಗೆ ಹೊಂದಿಕೊಳ್ಳಲು ಹೀಗೆ ಮಾಡಲಾಗಿದೆ, ಕಾರಣ ಇಂಥಲ್ಲಿ ಚರ್ಚೆಯಾಗಿದೆ ಎಂಬ ಸೂಚನೆ. ಐವತ್ತು ವರ್ಷಗಳ ನಂತರ ಓದುವವನಿಗೂ ಇದು ಏಕೆ ಇದೆ ಎಂದು ತಿಳಿಯುತ್ತದೆ.

ಈ ತಿದ್ದುಪಡಿಯ ಸೊಗಸು ಅದಲುಬದಲಿನಲ್ಲಿಲ್ಲ. ‘ಲಿಪಿ ಕನ್ನಡವಾಗಿದ್ದರೆ’ ಎಂಬ ಮೊದಲ ಷರತ್ತಿನಲ್ಲಿದೆ. ಅವಸರದ ಹುಡುಗನೊಬ್ಬ ಇದನ್ನು ಬರೆದಿದ್ದರೆ ಆ ಷರತ್ತನ್ನು ಬಿಟ್ಟುಬಿಡುತ್ತಿದ್ದ. ತನ್ನ ಪರದೆಯ ಮೇಲೆ ಕನ್ನಡ ಸರಿಯಾಯಿತಲ್ಲ! ಬೆಳಗಾವಿಯ ಕಡೆಯವರಿಗೆ ಇದರ ಪರಿಣಾಮ ಕೂಡಲೇ ಹೊಳೆಯುತ್ತದೆ. ಮರಾಠಿಯಲ್ಲಿ ‘ದರ್ಯಾ’ ಎಂದರೆ ಸಮುದ್ರ, ‘ದರ‍್ಯಾ’ ಎಂದರೆ ಕಣಿವೆಗಳು. ಮೊದಲನೆಯದರಲ್ಲಿ ರಕಾರ ಯಕಾರದ ನೆತ್ತಿಯ ಮೇಲೆ ಕೊಕ್ಕೆಯಾಗಿ ಏರುತ್ತದೆ. ಎರಡನೆಯದರಲ್ಲಿ ಕಣ್ಣಿನ ರೆಪ್ಪೆಯಂತೆ ಬಾಗಿದ ಬೇರೊಂದು ರೂಪ ಪಡೆದು ಎಡಕ್ಕೆ ನಿಲ್ಲುತ್ತದೆ. ದೇವನಾಗರಿಯಲ್ಲಿ ಆ ರೆಪ್ಪೆಯ ರಕಾರವನ್ನು ಬರೆಯುವ ಒಂದು ಕ್ರಮ ಯಾವುದು ಗೊತ್ತೆ? ರಕಾರ, ಹಲಂತ, ಜೋಡಕ! ಕನ್ನಡಕ್ಕೆ ‘ಹಳೆಯ ಬಳಕೆ’ ಆಗಿರುವ ಕ್ರಮವೇ ಮರಾಠಿಗೆ ಸರಿಯಾದ ಕ್ರಮ. ಷರತ್ತು ಇಲ್ಲದಿದ್ದರೆ ನಮ್ಮ ರ‍್ಯಾಂಕ್ ಉಳಿದು ನೆರೆಯವರ ಕಣಿವೆಗಳು ಕೆಡುತ್ತಿದ್ದವು. ಇತ್ತ ಬಂಗಾಳಿಯವರು ಇದೇ ‘ರ‍್ಯಾಂಕ್’ ಪದವನ್ನು ತಮ್ಮ ಲಿಪಿಯಲ್ಲಿ ಬರೆಯುವಾಗ ರಕಾರದ ನಂತರ ಮೊದಲು ಜೋಡಕ, ಆಮೇಲೆ ಹಲಂತ ಬಳಸುತ್ತಾರೆ.

ನೋಡಿದಿರಾ? ಹತ್ತು ಸಾಲಿನ ಹಿಂದೆ ಮೂರು ಭಾಷೆಗಳ ಬರವಣಿಗೆಯ ತಿಳುವಳಿಕೆ ಬೇಕು. ಇದು ಸಂಕೇತ ಬರೆಯುವ ಜಾಣತನವಲ್ಲ. ಸಂಕೇತ ಬರೆಯುವುದನ್ನು ಎರಡು ತಿಂಗಳಲ್ಲಿ ಕಲಿಸಬಹುದು. ‘ನನ್ನ ಬದಲಾವಣೆಯಿಂದ ಬೇರೆ ಯಾರಿಗೆ ತೊಂದರೆಯಾದೀತು’ ಎಂದು ಕೇಳಿಕೊಳ್ಳುವ ಅಭ್ಯಾಸ ಇದರ ಜೀವಾಳ. ಪ್ರಯೋಗಶಾಲೆಯಲ್ಲಿ ಒಂದು ಚರವನ್ನು ಬದಲಿಸುವಾಗ ಉಳಿದವು ಸ್ಥಿರವಾಗಿವೆಯೆ ಎಂದು ನೋಡುವುದು ಇದೇ ತಾನೆ?

ಇಷ್ಟೆಲ್ಲ ಹೊಗಳಿದ ಮೇಲೆ ಈ ತಿದ್ದುಪಡಿಯ ಮಿತಿಯನ್ನೂ ಹೇಳಬೇಕು. ಇದು ಕಣ್ಣಿನ ತೊಂದರೆಯನ್ನು ಮಾತ್ರ ಪರಿಹರಿಸಿತು. ಕಡತದೊಳಗೆ ಸಂಕೇತಗಳು ಹಿಂದಿನ ಕ್ರಮದಲ್ಲಿಯೇ ಇವೆ. ಅದಲುಬದಲು ನಡೆಯುವುದು ಪರದೆಗೆ ಚಿತ್ರ ಸಿದ್ಧಪಡಿಸುವಾಗ. ಹೀಗಾಗಿ ಎರಡು ಬಗೆಯಲ್ಲಿ ಬರೆದ ‘ರ‍್ಯಾಂಕ್’ ಈಗ ನೋಡಲು ಒಂದೇ, ಗಣಕಕ್ಕೆ ಮಾತ್ರ ಬೇರೆ ಬೇರೆ. ಯುನಿಕೋಡಿನ ಸಾಮಾನ್ಯೀಕರಣ ನಿಯಮಗಳೂ ಇವೆರಡನ್ನು ಒಂದು ಮಾಡುವುದಿಲ್ಲ. ಸಂಕೇತಕ್ಕೆ ಸಂಕೇತ ತಾಳೆ ನೋಡುವ ಸರಳ ಹುಡುಕಾಟದಲ್ಲಿ ಒಂದು ಸಿಕ್ಕಿ ಇನ್ನೊಂದು ಸಿಗದೆ ಹೋಗುತ್ತದೆ. ಮೊದಲು ಪರದೆಯ ಮೇಲೆ ವಿಕಾರವಾಗಿ ಕಂಡು ‘ಇಲ್ಲೇನೋ ತಪ್ಪಿದೆ’ ಎಂದು ಎಚ್ಚರಿಸುತ್ತಿದ್ದ ವ್ಯತ್ಯಾಸ ಈಗ ಮರೆಯಾಗಿ ಕುಳಿತಿದೆ. ಉಷ್ಣತಾಮಾಪಕದ ಸೊನ್ನೆ ದೋಷವನ್ನು ಸರಿಪಡಿಸದೆ ಅದರ ಮೇಲಿನ ಗುರುತುಗಳನ್ನು ಸರಿಸಿದ ಹಾಗೆ. ಹಾರ್ಫ್‌ಬಜ್‌ನವರನ್ನು ಇದಕ್ಕೆ ದೂರುವಂತಿಲ್ಲ. ಹುಡುಕಾಟ ಅವರ ಕ್ಷೇತ್ರವಲ್ಲ. ಬರಹ ಸಂಪಾದಕಗಳು, ಪದಪರೀಕ್ಷಕಗಳು, ಗ್ರಂಥಾಲಯದ ಸೂಚಿಗಳು, ಇವುಗಳಲ್ಲಿ ಯಾವುದು ಎರಡನ್ನೂ ಒಂದೆಂದು ಎಣಿಸುತ್ತದೆ, ಯಾವುದು ಎಣಿಸುವುದಿಲ್ಲ ಎಂದು ಒಂದೊಂದಾಗಿ ಪರೀಕ್ಷಿಸಬೇಕಾದವರು ಕನ್ನಡ ಬಲ್ಲವರು. ಅದನ್ನು ಕ್ಯಾಲಿಫೋರ್ನಿಯಾದವರು ಮಾಡಲಿ ಎಂದು ಕಾಯುವುದೆ?

ನಮ್ಮಲ್ಲಿ ಮಾಡಲು ಕೆಲಸವಿಲ್ಲ ಎಂಬ ಕೊರತೆ ಇಲ್ಲ. ಆದರೂ ನಮ್ಮ ಹುಡುಗರ ಶ್ರಮ ಎತ್ತ ಹರಿಯುತ್ತಿದೆ?

ಡಿಜಿಟಲ್‌ಓಷನ್ ಎಂಬ ಸಂಸ್ಥೆ 2014ರಿಂದ ಪ್ರತಿ ಅಕ್ಟೋಬರಿನಲ್ಲಿ ‘ಹ್ಯಾಕ್ಟೋಬರ್‌ಫೆಸ್ಟ್’ ನಡೆಸುತ್ತ ಬಂದಿದೆ. ಮುಕ್ತ ತಂತ್ರಾಂಶಕ್ಕೆ ಹೊಸಬರನ್ನು ಕರೆತರುವುದು ಅದರ ಉದ್ದೇಶ. 2020ರಲ್ಲಿ ನಾಲ್ಕು ಮನವಿ ಕಳಿಸಿದವರಿಗೆ ಒಂದು ಟೀ ಶರ್ಟ್ ಎಂದು ಘೋಷಿಸಿದ್ದರು. ಮನವಿ ಕಳಿಸುವುದು ಹೇಗೆ ಎಂದು ತೋರಿಸಿಕೊಡುವ, ನಮ್ಮ ದೇಶದಲ್ಲಿಯೇ ತಯಾರಾದ ಒಂದು ವಿಡಿಯೊದಲ್ಲಿ ಉದಾಹರಣೆಗೆಂದು ರೀಡ್‌ಮೀ ಕಡತಕ್ಕೆ ‘ಇದು ಅದ್ಭುತ ಯೋಜನೆ’ ಎಂಬಂತಹ ಮಾತು ಸೇರಿಸಲಾಗಿತ್ತು. ನೋಡಿದವರು ಅದನ್ನೇ ಸಾವಿರಾರು ಕಡೆ ಸೇರಿಸತೊಡಗಿದರು! ನಿರ್ವಾಹಕರು ಇವನ್ನು ತೆಗೆದುಹಾಕುವುದರಲ್ಲಿಯೇ ಸುಸ್ತಾದರು. ಅಕ್ಟೋಬರಿನ ಮೊದಲ ವಾರದಲ್ಲಿಯೇ ಸಂಸ್ಥೆ ನಿಯಮ ಬದಲಿಸಿತು. ತಾವಾಗಿ ಒಪ್ಪಿದ ಯೋಜನೆಗಳಿಗೆ ಕಳಿಸಿದ ಮನವಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಾಯಿತು. ಪಾಠ ಕಲಿತೆವೆ? 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಎಂಬ ಪ್ರಸಿದ್ಧ ಜಾಲ ತಂತ್ರಾಂಶಕ್ಕೆ ಅದೇ ಗತಿ ಬಂತು. ಮತ್ತೆ ಒಂದು ಬೋಧನಾ ವಿಡಿಯೊ, ಮತ್ತೆ ಭಾರತದ್ದೇ, ಮತ್ತೆ ರೀಡ್‌ಮೀ ಕಡತದಲ್ಲಿ ವಿದ್ಯಾರ್ಥಿಗಳ ಹೆಸರುಗಳು.

ಬೆಂಗಳೂರಿನಲ್ಲಿ 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂದು ಆರಂಭವಾಗಿ 2005ರಿಂದ ‘ಫಾಸ್.ಇನ್’ ಎಂದು ನಡೆದ ಸಮ್ಮೇಳನವನ್ನು ಹಿರಿಯ ಓದುಗರು ಬಲ್ಲರು. ಅದರ ಮುಂಚೂಣಿಯಲ್ಲಿದ್ದ ಅತುಲ್ ಚಿಟ್ನಿಸ್ ಭಾರತೀಯರು ಬಳಸುವವರಾಗಿಯೇ ಉಳಿಯದೆ ಕೊಡುವವರೂ ಆಗಬೇಕೆಂದು ಪಟ್ಟುಹಿಡಿದು ವಾದಿಸಿದವರು. ಅವರು 2013ರಲ್ಲಿ ತೀರಿಕೊಂಡರು. ಈಗ ಕೊಡುವವರ ಸಂಖ್ಯೆ ಏನೋ ಬಹಳವಾಗಿದೆ. ಕೊಡುತ್ತಿರುವುದು ಏನನ್ನು ಎಂಬುದು ಬೇರೆ ಮಾತು.

ನಿರ್ವಾಹಕರು ಹೊಸಬರೊಂದಿಗೆ ಒರಟಾಗಿ ವರ್ತಿಸುತ್ತಾರೆ ಎಂಬ ದೂರನ್ನು ವಿದ್ಯಾರ್ಥಿಗಳಿಂದ ಕೇಳುತ್ತೇನೆ. ನನ್ನದೇ ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ, ಪ್ರಯೋಗಶಾಲೆಯಲ್ಲಿ ನಾವು ಬಳಸುವ ನಕ್ಷೆ ಬಿಡಿಸುವ ಒಂದು ತಂತ್ರಾಂಶದಲ್ಲಿ ಅಕ್ಷಗಳ ಹೆಸರನ್ನು ಕನ್ನಡದಲ್ಲಿ ಕೊಟ್ಟರೆ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುತ್ತಿತ್ತು. ‘ಉಷ್ಣತೆ’ಯ ಣಕಾರದ ಒತ್ತು ಅರ್ಧವೇ ಕಾಣುತ್ತಿತ್ತು. ಎರಡು ವಾರ ಕುಳಿತು ಕಾರಣ ಕಂಡುಹಿಡಿದೆ. ಅಕ್ಷರದ ಎತ್ತರವನ್ನು ಲೆಕ್ಕ ಹಾಕುವಾಗ ರೋಮನ್ ಲಿಪಿಯನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಸರಿಪಡಿಸಿದೆ. ಅದರೊಂದಿಗೆ, ಕೈ ಸುಮ್ಮನಿರಲಿಲ್ಲ, ನನಗೆ ಅಂದವಾಗಿ ಕಾಣದ ಎರಡು ಕಡತಗಳನ್ನು ಓರಣ ಮಾಡಿದೆ. ಒಂದು ಏಕಮಾನದ ಹೆಸರನ್ನೂ ತಿದ್ದಿದೆ. ಎಲ್ಲವನ್ನೂ ಒಂದೇ ಗಂಟು ಕಟ್ಟಿ ಕಳಿಸಿದೆ.

ಮೂರು ದಿನಗಳಲ್ಲಿ ಉತ್ತರ ಬಂತು. ನಾಲ್ಕೇ ಸಾಲು. ಇದರಲ್ಲಿ ಮೂರು ಬೇರೆ ಬೇರೆ ಬದಲಾವಣೆಗಳಿವೆ, ಬಿಡಿಸಿ ಕಳಿಸಿ. ಓರಣ ಮಾಡಿದ್ದು ಬೇಡ. ಕತ್ತರಿಸಿಹೋಗುವುದನ್ನು ತೋರಿಸುವ ಪರೀಕ್ಷೆ ಸೇರಿಸಿ. ವಂದನೆ ಇಲ್ಲ, ಹೊಗಳಿಕೆ ಇಲ್ಲ. ಮೊಮ್ಮಕ್ಕಳ ವಯಸ್ಸಿನವರಿಗೆ ಪಾಠ ಹೇಳುವ ನನಗೆ, ಪಿಎಚ್‌ಡಿ ಪಡೆದು ಇಪ್ಪತ್ತೈದು ವರ್ಷ ದಾಟಿದವನಿಗೆ, ಸಿಟ್ಟು ಬಂದದ್ದು ಸುಳ್ಳಲ್ಲ. ಮೂರು ವಾರ ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಒಂದು ಸಂಜೆ ವಿದ್ಯಾರ್ಥಿಯೊಬ್ಬನ ದಾಖಲೆ ಪುಸ್ತಕ ತಿದ್ದುತ್ತಿದ್ದೆ. ‘ಎರಡು ವಾಚನಗಳನ್ನು ಒಂದೇ ಸಾಲಿನಲ್ಲಿ ಸೇರಿಸಿದ್ದೀ, ಬೇರೆ ಮಾಡು’ ಎಂದು ಕೆಂಪು ಶಾಯಿಯಲ್ಲಿ ಬರೆದು ಕೈ ನಿಲ್ಲಿಸಿದೆ. ನಾನೂ ಅಲ್ಲಿ ವಂದನೆ ಬರೆದಿರಲಿಲ್ಲ! ಮರುದಿನ ಗಂಟು ಬಿಚ್ಚಿ, ಒತ್ತಕ್ಷರದ ತಿದ್ದುಪಡಿಯೊಂದನ್ನೇ, ಪರೀಕ್ಷೆಯ ಸಮೇತ ಕಳಿಸಿದೆ. ಸ್ವೀಕೃತವಾಯಿತು. ಓರಣ ಮಾಡಿದ್ದನ್ನು ಎಸೆದೆ. ಅದು ನನ್ನ ರುಚಿಯೇ ಹೊರತು ದೋಷ ಪರಿಹಾರವಾಗಿರಲಿಲ್ಲ.

ಒಂದೊಂದಾಗಿ ಕಳಿಸಿ ಎಂದು ಅವರು ಹೇಳುವುದು ಶಿಸ್ತಿನ ಹಟಕ್ಕಲ್ಲ. ನಾಳೆ ಆ ತಿದ್ದುಪಡಿಯಿಂದ ಬೇರೊಂದು ಕಡೆ ದೋಷ ಕಂಡರೆ ಅದೊಂದನ್ನು ಮಾತ್ರ ಹಿಂದೆಗೆಯಲು ಸಾಧ್ಯವಾಗಬೇಕು. ಅಪರಿಚಿತನ ಸಂಕೇತವನ್ನು ಸಂಶಯದಿಂದ ನೋಡಲು ಇನ್ನೂ ಗಂಭೀರ ಕಾರಣವಿದೆ. ಎಕ್ಸ್‌ಜೆಡ್ ಎಂಬ, ಕಡತಗಳನ್ನು ಅಡಕಗೊಳಿಸುವ ತಂತ್ರಾಂಶವನ್ನು ಬಹುಮಟ್ಟಿಗೆ ಒಬ್ಬರೇ ನೋಡಿಕೊಳ್ಳುತ್ತಿದ್ದರು. ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಯಾರೋ 2021ರಿಂದ ಸಹಾಯ ಮಾಡುತ್ತ ಬಂದು, ನಂಬಿಕೆ ಗಳಿಸಿ, ಸಹ ನಿರ್ವಾಹಕನಾಗಿ, 2024ರಲ್ಲಿ ಅದರೊಳಗೆ ಕಳ್ಳಬಾಗಿಲು ಇಟ್ಟರು. ಅದನ್ನು ಆ ವರ್ಷದ ಮಾರ್ಚಿನಲ್ಲಿ ಪತ್ತೆಹಚ್ಚಿದ ಆಂಡ್ರೆಸ್ ಫ್ರಾಯಿಂಡ್ ಭದ್ರತಾ ತಜ್ಞರಲ್ಲ. ದೂರದ ಗಣಕಕ್ಕೆ ಪ್ರವೇಶಿಸಲು ಎಂದಿಗಿಂತ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ, ಏಕೆ ಎಂದು ಬೆನ್ನುಹತ್ತಿದವರು. ಅರ್ಧ ಸೆಕೆಂಡು! ಲೋಲಕದ ಪ್ರಯೋಗದಲ್ಲಿ ನಮ್ಮ ಹುಡುಗರು ‘ಇರಲಿ ಬಿಡ್ರಿ ಸರ’ ಎಂದು ಬಿಟ್ಟುಬಿಡುವ ಅಂತರ ಅದು.

ಇದಕ್ಕೆಲ್ಲ ಮೊದಲು ಆಕರ ಸಂಕೇತ ಕಣ್ಣಿಗೆ ಬೀಳಬೇಕು. ಕನ್ನಡ ಗಣಕೀಕರಣದ ಇತಿಹಾಸದಲ್ಲಿ ಇದನ್ನು ನಾವು ಬಹುಕಾಲ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಸರ್ಕಾರದ ಬೆಂಬಲದೊಂದಿಗೆ ಕಚೇರಿ ಕಚೇರಿ ತಲುಪಿತು. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕನ್ನಡಿಗರ ಬೆರಳುಗಳಿಗೆ ಒಗ್ಗಿತು. ಇವರೆಲ್ಲರ ಉಪಕಾರ ದೊಡ್ಡದು; ನನ್ನ ಪಾಠದ ಟಿಪ್ಪಣಿಗಳೆಲ್ಲ ಮೊದಲು ಸಿದ್ಧವಾದದ್ದು ಅವರ ಸಾಧನಗಳಿಂದಲೇ. ಆದರೆ ಆ ದಿನಗಳಲ್ಲಿ ‘ಉಚಿತ’ ಮತ್ತು ‘ಮುಕ್ತ’ ಎಂಬ ಪದಗಳನ್ನು ನಾವು ಒಂದೇ ಎಂಬಂತೆ ಬಳಸಿದೆವು. ಬರಹ ಹಲವು ವರ್ಷ ಉಚಿತವಾಗಿತ್ತು, ನುಡಿ ಉಚಿತವಾಗಿತ್ತು. ಅವುಗಳ ಒಳಗನ್ನು ಓದಿ ತಿದ್ದುವ ಅವಕಾಶ ಬಳಸುವವರಿಗೆ ಇರಲಿಲ್ಲ. ಒಂದು ಒತ್ತಕ್ಷರ ತಪ್ಪಾಗಿ ಮೂಡಿದರೆ ಶಾಲಾ ಶಿಕ್ಷಕ ಮಾಡಬಹುದಾದದ್ದು ಇಷ್ಟೇ: ಪತ್ರ ಬರೆದು ಮುಂದಿನ ಆವೃತ್ತಿಗೆ ಕಾಯುವುದು. ಸಾರ್ವಜನಿಕ ಹಣ ತೊಡಗಿದ ಕೆಲಸದಲ್ಲಿಯಾದರೂ ಆಕರ ಸಂಕೇತ ಮೊದಲ ದಿನದಿಂದ ಸಾರ್ವಜನಿಕವಾಗಿರಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗಿದ್ದಿದ್ದರೆ ಧಾರವಾಡದ ಒಬ್ಬ ಹುಡುಗ ಇಪ್ಪತ್ತು ವರ್ಷಗಳ ಹಿಂದೆಯೇ ರಕಾರದ ಸಮಸ್ಯೆಗೆ ಕೈ ಹಾಕಬಹುದಿತ್ತು. ಕನ್ನಡದ ರಕಾರ ತಿದ್ದಿಸಿಕೊಳ್ಳಲು ಪಾರಸಿ ಹೆಸರಿನ ಯೋಜನೆಗೆ ಹೋಗಬೇಕಾಯಿತು ಎಂದು ನನಗೆ ಬೇಸರವೇನೂ ಇಲ್ಲ. ಅಲ್ಲಿ ಬಾಗಿಲು ತೆರೆದಿತ್ತು, ಹೋದರು.

ಶಿಕ್ಷಕ ಮಿತ್ರರಿಗೆ ಒಂದು ಮಾತು. ನಿಮ್ಮ ವಿದ್ಯಾರ್ಥಿಗಳು ಕೊಡುಗೆಯ ಲೆಕ್ಕ ತಂದಾಗ ಸಂಖ್ಯೆಯನ್ನು ಕೇಳಬೇಡಿ. ಒಂದೇ ಒಂದು ತಿದ್ದುಪಡಿಯನ್ನು ಆರಿಸಿಕೊಂಡು, ಹಿಂದೆ ಏನಾಗುತ್ತಿತ್ತು, ಈಗ ಏನಾಗುತ್ತದೆ, ಅದಕ್ಕೆ ಪುರಾವೆ ಏನು, ನಿರ್ವಾಹಕರು ಯಾವ ಆಕ್ಷೇಪ ಎತ್ತಿದರು ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳುವಂತೆ ಕೇಳಿ. ಆಕ್ಷೇಪವೇ ಬಂದಿಲ್ಲ ಎಂದರೆ ಯಾರೂ ಓದಿಲ್ಲ ಎಂದೂ ಅರ್ಥವಿರಬಹುದು. ತಿರಸ್ಕೃತವಾದ ಮನವಿಗೂ ಅಂಕ ಕೊಡಿ, ಕಾರಣವನ್ನು ಹುಡುಗ ವಿವರಿಸಬಲ್ಲನಾದರೆ. ಸಂಕೇತ ಬರೆಯಬಾರದ ಕಲಾ ವಿಭಾಗದ, ಶುದ್ಧ ವಿಜ್ಞಾನ ವಿಭಾಗದ ಮಕ್ಕಳೂ ಇದರಲ್ಲಿ ಹಿಂದುಳಿಯಬೇಕಿಲ್ಲ. ದೋಷವನ್ನು ಸರಿಯಾಗಿ ವರದಿ ಮಾಡುವುದೇ ಅರ್ಧ ಕೆಲಸ. ದೀಪ ಉರಿಯದಿದ್ದರೆ ಕೋಶವೋ ತಂತಿಯೋ ದೀಪವೋ ಎಂದು ಒಂದೊಂದನ್ನೇ ಬದಲಿಸಿ ನೋಡುವಂತೆ, ಅಕ್ಷರ ಕೆಟ್ಟರೆ ಕೀಲಿಮಣೆಯೋ ಫಾಂಟೋ ಜೋಡಣೆಯ ತಂತ್ರಾಂಶವೋ ಎಂದು ಬೇರ್ಪಡಿಸಿ ನೋಡಬೇಕು. ದೋಷ ಕಾಣಿಸುವ ಅತಿ ಚಿಕ್ಕ ಪದವನ್ನು ಹುಡುಕಬೇಕು. ಹಳೆಯ ನುಡಿ ಫಾಂಟುಗಳ ಕಡತಗಳನ್ನು ಯುನಿಕೋಡಿಗೆ ತರುವ ಮು‌ಕ್ತ ಪರಿವರ್ತಕಗಳಿವೆ; ನಿಮ್ಮ ಶಾಲೆಯ ಹತ್ತು ವರ್ಷ ಹಿಂದಿನ ಪ್ರಶ್ನೆಪತ್ರಿಕೆಗಳನ್ನು ಅವುಗಳಿಗೆ ಕೊಟ್ಟು, ಯಾವ ಅಕ್ಷರ ತಪ್ಪುತ್ತದೆ ಎಂದು ಪಟ್ಟಿ ಮಾಡಿ ಕಳಿಸಿದರೂ ಅದು ರೀಡ್‌ಮೀ ಕಡತದ ಹತ್ತು ಹೆಸರುಗಳಿಗಿಂತ ತೂಕದ ಕೆಲಸ.

ಆ ಹುಡುಗ ಮತ್ತೆ ಬಂದಿದ್ದ. ಎರಡು ಬಗೆಯ ‘ರ‍್ಯಾಂಕ್’ ಕಥೆಯನ್ನು ಅವನಿಗೆ ಹೇಳಿ ಕಳಿಸಿದ್ದೆ. ಒಂದು ಕಡತದಲ್ಲಿ ಐದು ಸಲ ಆ ಪದ ಬರೆದು, ಎರಡು ಕ್ರಮಗಳನ್ನೂ ಬೆರೆಸಿ, ತಾನು ಬಳಸುವ ಬರಹ ಸಂಪಾದಕದಲ್ಲಿ ಹುಡುಕಿ ನೋಡಿದ್ದಾನೆ. ಐದರಲ್ಲಿ ಮೂರು ಸಿಕ್ಕವು. ಪ್ರತಿಯೊಂದರ ಸಂಕೇತ ಸಂಖ್ಯೆಗಳನ್ನು ಕೆಳಗೆ ಬರೆದು ವರದಿ ಕಳಿಸಿದ್ದಾನೆ. ನಿರ್ವಾಹಕರಿಂದ ಒಂದು ಸಾಲಿನ ಉತ್ತರ ಬಂದಿದೆ: ಯಾವ ಆವೃತ್ತಿ?

“ಅದನ್ನ ಬರದಿಲ್ಲೇನು?” ಎಂದೆ.

“ಮರ್ತೀನ್ರಿ ಸರ,” ಎಂದು ನೋಡಿಕೊಂಡು ಬರಲು ಓಡಿದ್ದಾನೆ.